ವೇಗದ ಪ್ಯಾರಾಶೂಟ್ ಇಳಿಕೆ: ತಿರುವಿನ ದಿಕ್ಕಿನ ಆಯ್ಕೆ

ಪ್ಯಾರಾಶೂಟನ್ನು ನೆಲ ಇನ್ನೂ ಕೆಲವು ನೂರು ಅಡಿ ಕೆಳಗಿರುವಾಗ ಕಡಿದಾಗಿ ತಿರುಗಿಸಿ ವೇಗ ಗಳಿಸುವುದು, ಆ ವೇಗದಲ್ಲೇ ನೆಲಕ್ಕೆ ಸಮಾನಾಂತರವಾಗಿ ದೂರ ಜಾರಿ ಕಾಲೂರುವುದು ವೇಗದ ಇಳಿಕೆಯ ಕ್ರಮ. ಸ್ಕೈಡೈವರ್‌ಗಳು ಇದನ್ನು ಸ್ವೂಪ್ ಎನ್ನುತ್ತಾರೆ. ಕೊನೆಯ ತಿರುವು ಎಡಕ್ಕಿರಬೇಕೋ ಬಲಕ್ಕಿರಬೇಕೋ ಎಂಬುದು ಹೊರನೋಟಕ್ಕೆ ಕೈಯ ರೂಢಿಯ ವಿಷಯ. ವಾಸ್ತವದಲ್ಲಿ ಹಾರಾಟಗಾರ ಆಕಾಶದ ಯಾವ ಭಾಗವನ್ನು ಬಳಸುತ್ತಾನೆ, ಆ ಹೊತ್ತಿಗೆ ಅಲ್ಲಿ ಬೇರೆ ಯಾರಿರುತ್ತಾರೆ ಎಂಬುದನ್ನು ನಿರ್ಧರಿಸುವುದು ಈ ಆಯ್ಕೆಯೇ.

ಹಿನ್ನೆಲೆ

ದುಂಡನೆಯ ಹಳೆಯ ಪ್ಯಾರಾಶೂಟ್‌ಗಳು ಬಹುಮಟ್ಟಿಗೆ ಗಾಳಿ ಒಯ್ದತ್ತ ಸಾಗುತ್ತಿದ್ದವು. ಡೊಮಿನಾ ಜಾಲ್ಬರ್ಟ್ 1966ರಲ್ಲಿ ಪೇಟೆಂಟ್ ಪಡೆದ, ಕೋಶಗಳಲ್ಲಿ ಗಾಳಿ ತುಂಬಿಕೊಂಡು ರೆಕ್ಕೆಯ ಆಕಾರ ತಾಳುವ ವಿನ್ಯಾಸದಿಂದ ಪ್ಯಾರಾಶೂಟ್ ಮುಂದಕ್ಕೆ ಹಾರುವ ಸಾಧನವಾಯಿತು. ಮೊದಮೊದಲು ಟಾಗಲ್ ಹಿಡಿಯನ್ನು ಒಂದು ಬದಿಗೆ ಜಗ್ಗಿ ತಿರುಗಿಸುತ್ತಿದ್ದರು. ಬಳಿಕ ಮುಂದಿನ ರೈಸರ್ ಪಟ್ಟಿಗಳನ್ನು ಎಳೆಯುವ ಮತ್ತು ಹಾರ್ನೆಸ್‌ನಲ್ಲಿ ದೇಹದ ಭಾರವನ್ನು ಒಂದು ಮಗ್ಗುಲಿಗೆ ಹಾಕುವ ಕ್ರಮ ರೂಢಿಗೆ ಬಂತು. ತಿರುವಿನ ಅಳತೆಯೂ 90 ಡಿಗ್ರಿಯಿಂದ 180, 270, 450, 630, 810ರವರೆಗೆ ಬೆಳೆಯಿತು. ಇಂಥ ಇಳಿಕೆಗಾಗಿಯೇ ಅಂತರರಾಷ್ಟ್ರೀಯ ವಾಯುಕ್ರೀಡಾ ಒಕ್ಕೂಟದ ವಿಶ್ವ ಚಾಂಪಿಯನ್‌ಷಿಪ್ 2006ರಲ್ಲಿ ಆರಂಭವಾಯಿತು. ದೂರ, ವೇಗ, ನಿಖರತೆ ಅದರ ಮುಖ್ಯ ವಿಭಾಗಗಳು. ದೂರದ ವಿಭಾಗದಲ್ಲಿ ಶ್ರೇಷ್ಠ ಸ್ಪರ್ಧಿಗಳು ನೆಲಕ್ಕೆ ಹತ್ತಿಕೊಂಡಂತೆ 150 ಮೀಟರ್‌ಗೂ ಹೆಚ್ಚು ಸಾಗಿದ್ದಾರೆ.

ದಿಕ್ಕಿನ ರೇಖಾಗಣಿತ

ಇಳಿಯುವವರು ಸಾಮಾನ್ಯವಾಗಿ ಮೂರು ಹಾದಿಗಳನ್ನು ಅನುಸರಿಸುತ್ತಾರೆ. ಮೊದಲನೆಯದು ಗಾಳಿ ಬೆನ್ನಿಗಿರುವ ಹಾದಿ, ಎರಡನೆಯದು ಗಾಳಿಗೆ ಅಡ್ಡಲಾದ ಹಾದಿ, ಮೂರನೆಯದು ಗಾಳಿಗೆ ಎದುರಾದ ಕೊನೆಯ ಹಾದಿ. ಎರಡು ತಿರುವುಗಳೂ ಎಡಕ್ಕಿದ್ದರೆ ಅದು ಎಡ ಸುತ್ತು, ಬಲಕ್ಕಿದ್ದರೆ ಬಲ ಸುತ್ತು.

ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರಿನ ಬಯಲಲ್ಲಿ ಮುಂಗಾರಿನ ಹೊತ್ತಿಗೆ ಬೀಸುವ ಪಡುವಣ ಗಾಳಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಆ ಗಾಳಿಗೆ ಎದುರಾಗಿ ಇಳಿಯಬೇಕಾದರೆ ಕೊನೆಯ ಹಾದಿ ಪಶ್ಚಿಮಕ್ಕೆ ಮುಖ ಮಾಡಿರಬೇಕು. ಎಡ ಸುತ್ತಿನಲ್ಲಿ ಹಾರಾಟಗಾರ ಇಳಿದಾಣದ ದಕ್ಷಿಣದ ಮಗ್ಗುಲಲ್ಲಿ ಪೂರ್ವಕ್ಕೆ ಸಾಗಿ, ಎಡಕ್ಕೆ ಹೊರಳಿ ಉತ್ತರಕ್ಕೆ ಮುಖ ಮಾಡುತ್ತಾನೆ. ಅಲ್ಲಿಂದ ಮತ್ತೆ ಎಡಕ್ಕೆ 90 ಡಿಗ್ರಿ ತಿರುಗಿದರೆ ಪಶ್ಚಿಮ ಸಿಗುತ್ತದೆ. ಸಾಧಾರಣ ಇಳಿಕೆ ಇಷ್ಟೇ.

ಅದೇ ಅಡ್ಡ ಹಾದಿಯಿಂದ 270 ಡಿಗ್ರಿ ತಿರುಗಿ ಪಶ್ಚಿಮಕ್ಕೆ ಬರಬೇಕಾದರೆ ಎಡ ತಿರುವು ಒದಗುವುದಿಲ್ಲ. ಉತ್ತರದಿಂದ ಬಲಕ್ಕೆ, ಅಂದರೆ ಪೂರ್ವ ಮತ್ತು ದಕ್ಷಿಣಗಳನ್ನು ದಾಟಿ ಪಶ್ಚಿಮಕ್ಕೆ ಬರಬೇಕು. 450 ಡಿಗ್ರಿಯಾದರೆ ಒಂದು ಪೂರ್ಣ ಸುತ್ತಿನ ಮೇಲೆ 90 ಉಳಿಯುವುದರಿಂದ ಮತ್ತೆ ಎಡವೇ ಸರಿ. ಹೀಗೆ 90, 450, 810 ಡಿಗ್ರಿಯ ತಿರುವುಗಳು ಸುತ್ತಿನ ದಿಕ್ಕಿನಲ್ಲೇ ನಡೆಯುತ್ತವೆ. 270 ಮತ್ತು 630 ಅದಕ್ಕೆ ವಿರುದ್ಧವಾಗಿ. 180 ಡಿಗ್ರಿಯ ತಿರುವು ಮಾತ್ರ ಬೆನ್ನುಗಾಳಿಯ ಹಾದಿಯಿಂದಲೇ ಶುರುವಾಗುತ್ತದೆ, ಎರಡೂ ಕಡೆಗೆ ಸಾಧ್ಯ. ಹಿಂಗಾರಿನಲ್ಲಿ ಗಾಳಿ ಮೂಡಣಕ್ಕೆ ಹೊರಳಿದರೆ ದಿಕ್ಕುಗಳ ಹೆಸರು ಅದಲುಬದಲಾಗುತ್ತವೆ, ನಿಯಮ ಹಾಗೇ ಉಳಿಯುತ್ತದೆ.

ಇದರ ಪರಿಣಾಮ ಕಾಗದದ ಮೇಲೆ ಚಿತ್ರ ಬರೆದು ನೋಡಿದಾಗ ಸ್ಪಷ್ಟವಾಗುತ್ತದೆ. ಗಾಳಿಯ ತಳ್ಳಾಟವನ್ನೂ ತಿರುವಿನ ತ್ರಿಜ್ಯದ ಏರುಪೇರನ್ನೂ ಸದ್ಯಕ್ಕೆ ಬದಿಗಿಟ್ಟರೆ, ಮೇಲಿನ ಉದಾಹರಣೆಯ ಎಡ 450 ಡಿಗ್ರಿಯ ವೃತ್ತ ಪೂರ್ತಿಯಾಗಿ ಕೊನೆಯ ಹಾದಿಯ ದಕ್ಷಿಣಕ್ಕೆ, ಅಂದರೆ ಸುತ್ತು ನಡೆಯುವ ಬದಿಯಲ್ಲೇ ಬೀಳುತ್ತದೆ. ಬಲ 270 ಡಿಗ್ರಿಗೆ ಹೊರಟವನು ಮೊದಲು ಕೊನೆಯ ಹಾದಿಯ ಗೆರೆಯನ್ನು ಉತ್ತರಕ್ಕೆ ದಾಟಬೇಕು; ಅವನ ತಿರುವು ಆಚೆ ಬದಿಯಲ್ಲಿ ನಡೆಯುತ್ತದೆ. ಆಚೆ ಬದಿ ಖಾಲಿಯಿದ್ದರೆ ಅಡ್ಡಿಯಿಲ್ಲ. ಅಲ್ಲಿ ಇನ್ನೊಂದು ಇಳಿದಾಣ, ಪ್ರೇಕ್ಷಕರ ಸಾಲು, ಮರ, ವಿದ್ಯುತ್ ತಂತಿ ಇದ್ದರೆ ಆ ತಿರುವು ಆ ದಿನಕ್ಕೆ ಸಲ್ಲದು.

ಎರಡಕ್ಕೂ ಅವುಗಳದೇ ಅಪಾಯವಿದೆ. 270ರಲ್ಲಿ ಅರ್ಧ ಸುತ್ತು ಮುಗಿದಾಗ ಹಾರಾಟಗಾರನ ಮುಖ ದಕ್ಷಿಣಕ್ಕಿರುತ್ತದೆ, ತನ್ನ ಬೆನ್ನ ಹಿಂದೆ ಉತ್ತರಕ್ಕೆ ಬರುತ್ತಿದ್ದವರಿಗೆ ಅವನು ಎದುರಾಗುತ್ತಾನೆ. 450ರಲ್ಲಿ ಒಂದು ಸುತ್ತು ಮುಗಿಸಿ ತಾನು ಹೊರಟ ಅಡ್ಡ ಹಾದಿಯನ್ನೇ, ಇನ್ನಷ್ಟು ಕೆಳಗೆ, ಮತ್ತೆ ಹಾಯುತ್ತಾನೆ. ಕಡಿದಾಗಿ ಬೀಳುತ್ತಿರುವ ಪ್ಯಾರಾಶೂಟ್ ಇತರರಿಗಿಂತ ಬಹಳ ಬೇಗ ಎತ್ತರ ಕಳೆದುಕೊಳ್ಳುವುದರಿಂದ, ಕೆಳಗಿದ್ದವನು ಮೇಲಿನಿಂದ ಬರುವವನನ್ನು ಕಾಣುವುದೇ ಇಲ್ಲ.

ದೇಹ ಮತ್ತು ಸಲಕರಣೆ

ಹೆಚ್ಚಿನವರಿಗೆ ಒಂದು ಬದಿಯ ತಿರುವು ಸಲೀಸು. ಬಲಗೈ ಅಥವಾ ಎಡಗೈ ವಾಡಿಕೆ, ಎತ್ತರ ಮಾಪಕ ಯಾವ ಮಣಿಕಟ್ಟಿನಲ್ಲಿದೆ ಎಂಬುದು, ದಾರಗಳ ಉದ್ದದಲ್ಲಿ ಬಳಕೆಯಿಂದ ಬಂದ ಸಣ್ಣ ವ್ಯತ್ಯಾಸ ಇವೆಲ್ಲ ಕಾರಣವಾಗಬಹುದು. ಅನುಭವಿಗಳು ಒಂದೇ ಬದಿಗೆ ಅಭ್ಯಾಸ ಮಾಡುವುದಕ್ಕೆ ಗಟ್ಟಿಯಾದ ಕಾರಣವಿದೆ: ಎಷ್ಟು ಎತ್ತರದಲ್ಲಿ ತಿರುವು ಶುರು ಮಾಡಬೇಕೆಂಬ ಲೆಕ್ಕ ಆ ಬದಿಯ ತಿರುವಿಗೆ ಮಾತ್ರ ಪಳಗಿರುತ್ತದೆ. ಅದೇ ಎತ್ತರವನ್ನು ಮತ್ತೊಂದು ಬದಿಗೆ ಒಮ್ಮೆಲೇ ಅನ್ವಯಿಸಿದರೆ ನೆಲ ಎಣಿಸಿದ್ದಕ್ಕಿಂತ ಮುಂಚೆಯೇ ಬರಬಹುದು. ಆದ್ದರಿಂದ ಒಗ್ಗದ ಬದಿಗೆ ತಿರುಗಲೇಬೇಕಾದ ದಿನ ತಿರುವಿನ ಅಳತೆಯನ್ನು 90ಕ್ಕೆ ಇಳಿಸುವುದು ಅಥವಾ ನೇರವಾಗಿ ಇಳಿಯುವುದು ಒಳ್ಳೆಯದು.

ನಿಯಮಗಳು

ಅಮೆರಿಕದ ಪ್ಯಾರಾಶೂಟ್ ಸಂಘದ ನಿಯಮದಂತೆ 90 ಡಿಗ್ರಿಗಿಂತ ಹೆಚ್ಚಿನ ತಿರುವಿನ ಇಳಿಕೆಗಳನ್ನು ಸಾಧಾರಣ ಇಳಿಕೆಗಳಿಂದ ಸ್ಥಳದಲ್ಲಾಗಲಿ ಸಮಯದಲ್ಲಾಗಲಿ ಬೇರ್ಪಡಿಸಬೇಕು. ಪ್ಯಾರಾಶೂಟ್‌ಗಳ ಪರಸ್ಪರ ಡಿಕ್ಕಿಯಲ್ಲಿ ಪ್ರಾಣ ಹೋದ ಪ್ರಸಂಗಗಳು ಈ ನಿಯಮದ ಹಿಂದಿವೆ. ಕೊನೆಯ ಹಾದಿಗಳು ಬೇರೆಯಾದ ಮೇಲೂ ದಿಕ್ಕಿನ ಪ್ರಶ್ನೆ ಉಳಿಯುತ್ತದೆ, ಏಕೆಂದರೆ ತಿರುವಿನ ವೃತ್ತ ಹಾದಿಗಿಂತ ಅಗಲ.

ಕರ್ನಾಟಕ ಮತ್ತು ಭಾರತ

ಬೆಂಗಳೂರಿನಲ್ಲಿ ಭೂಸೇನೆಯ ಪ್ಯಾರಾಶೂಟ್ ರೆಜಿಮೆಂಟ್ ತರಬೇತಿ ಕೇಂದ್ರವಿದೆ. ಜಿಗಿತದ ತರಬೇತಿ ನಡೆಯುವುದು ಆಗ್ರಾದಲ್ಲಿ. 1987ರಲ್ಲಿ ಸ್ಥಾಪನೆಯಾದ ವಾಯುಪಡೆಯ ಆಕಾಶ ಗಂಗಾ ತಂಡ ಪ್ರದರ್ಶನಗಳಲ್ಲಿ ಜನರ ನಡುವಿನ ಇಕ್ಕಟ್ಟಾದ ಅಂಗಳಕ್ಕೆ ಇಳಿಯುತ್ತದೆ. ಅಂಥ ಕಡೆ ನಿಖರತೆ ಮುಖ್ಯ, ವೇಗ ಹಿಂದೆ ಸರಿಯುತ್ತದೆ. ಮೈಸೂರಿನಲ್ಲಿ ಸಾರ್ವಜನಿಕರಿಗಾಗಿ ಶಿಕ್ಷಕರ ಜೊತೆಗಿನ ಜೋಡಿ ಜಿಗಿತದ ಶಿಬಿರಗಳು ನಡೆದಿವೆ. ಜೋಡಿ ಜಿಗಿತದಲ್ಲಿ ನೆಲದ ಹತ್ತಿರ ದೊಡ್ಡ ತಿರುವಿಗೆ ಅವಕಾಶವಿಲ್ಲ.

ಆಯ್ಕೆಯ ಕ್ರಮ

ದಿಕ್ಕನ್ನು ವಿಮಾನ ಹತ್ತುವ ಮೊದಲೇ ನಿಶ್ಚಯಿಸಬೇಕು. ಮೊದಲ ಸ್ಥಾನ ಇಳಿದಾಣ ಗೊತ್ತುಪಡಿಸಿದ ಸುತ್ತಿಗೆ ಮತ್ತು ಅದರಲ್ಲಿ ಹಾರುವ ಇತರರಿಗೆ, ಎರಡನೆಯದು ಎರಡೂ ಬದಿಯ ನೆಲದ ಸ್ಥಿತಿಗೆ, ಕೊನೆಯದು ಸ್ವಂತ ರೂಢಿಗೆ. ಮೂರೂ ಹೊಂದದಿದ್ದಲ್ಲಿ ರೂಢಿಯ ತಿರುವನ್ನೇ ಕೈಬಿಡಬೇಕು. ತಿರುವಿಲ್ಲದೆ ನೇರವಾಗಿ ಇಳಿಯುವ ದಾರಿ ಪ್ರತಿ ಜಿಗಿತದಲ್ಲೂ ತೆರೆದೇ ಇರುತ್ತದೆ, ಮತ್ತು ಅದನ್ನು ಹಿಡಿಯುವುದನ್ನು ಹಾರಾಟಗಾರನ ಕೌಶಲದ ಭಾಗವೆಂದೇ ಎಣಿಸಬೇಕು.