ಮಾರ್ಬುರ್ಗಿನ ಹದಿನೈದನೆಯ ಕಲಮು

ಬೈಬಲೊಂದೇ ಅಂತಿಮ ಪ್ರಮಾಣ ಎಂದು ಸಾರಿದವರೇ ಆ ಬೈಬಲಿನ ಅರ್ಥದ ವಿಷಯದಲ್ಲಿ ಒಬ್ಬರಿಗೊಬ್ಬರು ಬೆನ್ನು ತಿರುಗಿಸಿದ್ದು ಕ್ರೈಸ್ತ ಚರಿತ್ರೆಯ ದೊಡ್ಡ ದುಃಖಗಳಲ್ಲೊಂದು. ಪಾಪವಿಮೋಚನೆಯ ಪತ್ರಗಳ ವ್ಯಾಪಾರವನ್ನು ಮಾರ್ಟಿನ್ ಲೂಥರ್ ಪ್ರಶ್ನಿಸಿದ್ದು 1517ರಲ್ಲಿ. ಅದಾಗಿ ಹನ್ನೆರಡು ವರ್ಷ ತುಂಬುವುದರೊಳಗೆ, ರೋಮಿನ ಹಿಡಿತದಿಂದ ಹೊರಬಂದ ಸುಧಾರಕರ ನಡುವೆಯೇ ಬಿರುಕು ಬಿದ್ದಿತ್ತು. ಗ್ರಂಥವೊಂದನ್ನೇ ನೆಚ್ಚಿ ಹೊರಟರೆ ಓದುಗನಿಗೊಂದು ಅರ್ಥ ಹುಟ್ಟಿಕೊಳ್ಳದೆ ಇರುತ್ತದೆಯೇ ಎಂದು ಅಂದು ಕೇಳಿದ ಪ್ರಶ್ನೆಯನ್ನು ಇಂದಿಗೂ ಕೇಳುತ್ತಾರೆ. ಒಂದೇ ಬ್ರಹ್ಮಸೂತ್ರಕ್ಕೆ ಶಂಕರ, ರಾಮಾನುಜ, ಮಧ್ವರ ಭಾಷ್ಯಗಳನ್ನು ಕಂಡಿರುವ ನಮ್ಮ ಓದುಗರಿಗೂ ಈ ಪ್ರಶ್ನೆ ಹೊಸದೇನಲ್ಲ. ಕ್ರೈಸ್ತರ ಮಟ್ಟಿಗೆ ಚರಿತ್ರೆ ಕೊಡುವ ಉತ್ತರ ನಿರಾಶೆಯದಲ್ಲ ಎಂಬುದು ನನ್ನ ನಂಬಿಕೆ. ಒಮ್ಮತ ಸಾಧ್ಯ, ಕೆಲವು ಬಹುಮುಖ್ಯ ವಿಷಯಗಳಲ್ಲಿ ಅದು ಆಗಿದೆ ಕೂಡ. ಗಡುವು ಹಾಕಿದ ಕೂಟಗಳಿಂದಾಗಲಿ ದೊರೆಯ ಆಜ್ಞೆಯಿಂದಾಗಲಿ ಅದು ಬರಲಿಲ್ಲ. ಎದುರಿನವನ ಓದನ್ನು ಅವನೇ ತಲೆದೂಗುವಂತೆ ವಿವರಿಸಬಲ್ಲಷ್ಟು ಕಾಲ ಒಟ್ಟಿಗೆ ಕೂತು ಓದಿದವರಿಂದ ಬಂತು.

ಸುಧಾರಕರ ಬಿರುಕನ್ನು ಬೆಸೆಯಲು ಮುಂದಾದವನು ಹೆಸ್ಸೆಯ ದೊರೆ ಫಿಲಿಪ್, ಇನ್ನೂ ಇಪ್ಪತ್ತೈದು ತುಂಬದ ಯುವಕ. 1529ರ ಏಪ್ರಿಲ್‌ನಲ್ಲಿ ಸ್ಪೈಯರ್ ನಗರದಲ್ಲಿ ಸೇರಿದ ಸಾಮ್ರಾಜ್ಯದ ಮಹಾಸಭೆ ಸುಧಾರಣೆಗೆ ತಡೆ ಹಾಕಿತ್ತು. ಅದನ್ನು ಪ್ರತಿಭಟಿಸಿದ ಅಲ್ಪಸಂಖ್ಯಾತ ಅರಸರಿಗೂ ನಗರಗಳಿಗೂ ಪ್ರೊಟೆಸ್ಟಂಟರು ಎಂಬ ಹೆಸರು ಬಂದದ್ದು ಆಗಲೇ. ಚಕ್ರವರ್ತಿ ಐದನೆಯ ಚಾರ್ಲ್ಸ್‌ನನ್ನು ಎದುರಿಸಬೇಕಾದರೆ ಜರ್ಮನಿಯ ಲೂಥರನರೂ ಸ್ವಿಟ್ಜರ್ಲೆಂಡಿನ ಜ್ವಿಂಗ್ಲಿಯ ಕಡೆಯವರೂ ಒಂದಾಗಬೇಕಿತ್ತು. ಅವರಿಬ್ಬರನ್ನು ದೂರ ಮಾಡಿದ್ದ ವಿಷಯ ಕರ್ತನ ಭೋಜನ. ಕಡೆಯ ರಾತ್ರಿಯೂಟದಲ್ಲಿ ಯೇಸು ರೊಟ್ಟಿಯನ್ನು ಹಿಡಿದು ಅದನ್ನು ತನ್ನ ದೇಹವೆಂದು ಕರೆದ ಮಾತನ್ನು ಹೇಗೆ ತಿಳಿಯಬೇಕು? ಮಾತು ಹೇಳಿದಷ್ಟನ್ನೂ ನಂಬಬೇಕು, ಕ್ರಿಸ್ತನ ದೇಹ ಅಲ್ಲಿ ನಿಜವಾಗಿ ಇದೆ ಎಂದ ಲೂಥರ್. ರೊಟ್ಟಿ ದೇಹವನ್ನು ಸೂಚಿಸುತ್ತದೆ, ಭೋಜನ ಸ್ಮರಣೆಗಾಗಿ ನಡೆಯುತ್ತದೆ ಎಂದ ಜ್ವಿಂಗ್ಲಿ.

ಫಿಲಿಪ್ ಅವರನ್ನು ಕರೆಸಿದ್ದು ತನ್ನ ಮಾರ್ಬುರ್ಗಿನ ಕೋಟೆಗೆ. ಅಕ್ಟೋಬರ್ 1ರಂದು ಮಾತುಕತೆ ಶುರುವಾಯಿತು. ಬಿಸಿರಕ್ತದ ಇಬ್ಬರನ್ನು ಮೊದಲ ದಿನವೇ ಎದುರುಬದುರು ಕೂರಿಸದೆ, ಲೂಥರನಿಗೆ ಬಾಸೆಲಿನ ಮೃದುಭಾಷಿ ಈಕೊಲಂಪಾಡಿಯಸ್‌ನನ್ನೂ ಜ್ವಿಂಗ್ಲಿಗೆ ಲೂಥರನ ಕಡೆಯ ಸೌಮ್ಯ ಸ್ವಭಾವದ ಮೆಲಾಂಕ್ಥನ್‌ನನ್ನೂ ಜೊತೆ ಮಾಡಿದರು. ಮರುದಿನ ಎಲ್ಲರೂ ಕೂಡಿದಾಗ ಲೂಥರ್ ಸೀಮೆಸುಣ್ಣ ತೆಗೆದು, ರೊಟ್ಟಿಯ ಕುರಿತಾದ ಆ ಮಾತನ್ನು ಲ್ಯಾಟಿನ್‌ನಲ್ಲಿ ಮೇಜಿನ ಮೇಲೆ ಬರೆದಿಟ್ಟ. ವಾದ ಎತ್ತೆತ್ತ ಹರಿದರೂ ತಾನು ಅದರಿಂದ ಕದಲುವುದಿಲ್ಲ ಎಂಬ ಗುರುತು ಅದು. ಜ್ವಿಂಗ್ಲಿ ಯೋಹಾನನ ಸುವಾರ್ತೆಯ ಆರನೆಯ ಅಧ್ಯಾಯವನ್ನು ಮುಂದಿಟ್ಟ. ಮಾಂಸದಿಂದ ಪ್ರಯೋಜನವಿಲ್ಲ, ಬದುಕಿಸುವುದು ಆತ್ಮ ಎಂದು ಯೇಸುವೇ ಅಲ್ಲಿ ಹೇಳಿರುವಾಗ ದೇಹವನ್ನು ತಿನ್ನುವ ಮಾತೇಕೆ ಎಂದು ಅವನ ಪ್ರಶ್ನೆ. ಸ್ವರ್ಗಕ್ಕೇರಿದ ದೇಹ ಏಕಕಾಲಕ್ಕೆ ಹಲವು ಬಲಿಪೀಠಗಳ ಮೇಲೆ ಇರುವುದು ಹೇಗೆ ಎಂದೂ ಕೇಳಿದ. ದೇವರ ಶಕ್ತಿಗೆ ಗಣಿತದ ಗಡಿ ಹಾಕಬೇಡಿ ಎಂಬುದು ಲೂಥರನ ಉತ್ತರ. ಅಷ್ಟರಲ್ಲಿ ಊರಿಗೆ ಬೆವರುಜ್ವರದ ಪಿಡುಗು ಕಾಲಿಟ್ಟಿತು. ಬಂದವರೆಲ್ಲ ಗಂಟುಮೂಟೆ ಕಟ್ಟುವ ಆತುರದಲ್ಲಿದ್ದರು. ಜ್ವಿಂಗ್ಲಿ ಕಣ್ಣೀರಿಟ್ಟು ಸಹೋದರಭಾವವನ್ನು ಕೇಳಿದರೂ ಲೂಥರ್ ಒಪ್ಪಲಿಲ್ಲ. ಎರಡು ವರ್ಷದ ಮೇಲೆ, 1531ರ ಅಕ್ಟೋಬರ್ 11ರಂದು, ಜ್ವಿಂಗ್ಲಿ ಕಾಪ್ಪೆಲ್ ಯುದ್ಧದಲ್ಲಿ ಮಡಿದ.

ಚರಿತ್ರೆಯ ಪುಸ್ತಕಗಳು ಮಾರ್ಬುರ್ಗನ್ನು ಸಾಮಾನ್ಯವಾಗಿ ಸೋಲಿನ ಲೆಕ್ಕಕ್ಕೆ ಬರೆಯುತ್ತವೆ. ಆದರೆ ಅವರು ರುಜು ಹಾಕಿದ ಕಾಗದವನ್ನು ನೋಡಿದರೆ ಬೇರೆ ಚಿತ್ರ ಕಾಣುತ್ತದೆ. ಕೊನೆಯ ಹೊತ್ತಿಗೆ ಲೂಥರನೇ ಹದಿನೈದು ಕಲಮುಗಳನ್ನು ಬರೆದುಕೊಟ್ಟ. ತ್ರಿಯೇಕತ್ವ, ಜನ್ಮಪಾಪ, ನಂಬಿಕೆಯಿಂದ ದೊರೆಯುವ ನೀತಿ, ದೀಕ್ಷಾಸ್ನಾನ ಮುಂತಾದ ಹದಿನಾಲ್ಕರಲ್ಲಿ ಎರಡೂ ಕಡೆಯವರು ಒಪ್ಪಿದರು. ಹದಿನೈದನೆಯದರಲ್ಲೂ ಹೆಚ್ಚಿನಂಶ ಒಪ್ಪಿಗೆಯೇ. ರೊಟ್ಟಿ ಮತ್ತು ದ್ರಾಕ್ಷಾರಸಗಳಲ್ಲಿ ಕ್ರಿಸ್ತನ ದೇಹ ಮತ್ತು ರಕ್ತ ಶಾರೀರಿಕವಾಗಿ ಇವೆಯೇ ಎಂಬ ಒಂದೇ ಅಂಶ ಬಾಕಿ ಉಳಿಯಿತು. ಗಮನಿಸಬೇಕಾದ ಸಂಗತಿ ಏನೆಂದರೆ, ತ್ರಿಯೇಕತ್ವದ ವಿಷಯದಲ್ಲೂ ಜನ್ಮಪಾಪದ ವಿಷಯದಲ್ಲೂ ಸ್ವಿಸ್ ಸುಧಾರಕರು ದಾರಿ ತಪ್ಪಿದ್ದಾರೆ ಎಂಬ ಗುಮಾನಿಯನ್ನು ಹೊತ್ತೇ ಲೂಥರನ ಕಡೆಯವರು ಕೋಟೆ ಹತ್ತಿದ್ದರು. ವರ್ಷಗಟ್ಟಲೆ ಖಂಡನೆಯ ಕರಪತ್ರಗಳಿಂದ ಬೆಳೆದ ಗುಮಾನಿ ಮೂರು ನಾಲ್ಕು ದಿನಗಳ ಮುಖಾಮುಖಿಯಲ್ಲಿ ಕರಗಿತು. ಉಳಿದ ಒಂದಕ್ಕೆ ಸಮಯವೂ ಇರಲಿಲ್ಲ, ಸಾವಧಾನವೂ ಇರಲಿಲ್ಲ; ಸೇನಾಮೈತ್ರಿಯ ಲೆಕ್ಕಾಚಾರ ತಲೆಯ ಮೇಲೆ ತೂಗುತ್ತಿತ್ತು.

ಒಟ್ಟಿಗೆ ಓದಿಯೇ ಒಮ್ಮತಕ್ಕೆ ಬರಬಹುದೆಂಬ ಮಾತಿಗೆ ಕ್ಯಾಥೊಲಿಕರ ಹಳೆಯ ಆಕ್ಷೇಪ ಗಟ್ಟಿಯಾದದ್ದು: ತೀರ್ಪು ಕೊಡುವ ಪೀಠವಿಲ್ಲದಿದ್ದರೆ ವ್ಯಾಜ್ಯ ಮುಗಿಯುವುದಾದರೂ ಹೇಗೆ? ಟ್ರೆಂಟ್ ಮಹಾಸಭೆ 1546ರ ಏಪ್ರಿಲ್ 8ರಂದು ಇದನ್ನೇ ವಿಧಿಸಿತು. ಧರ್ಮಸಭೆ ಹಿಡಿದುಕೊಂಡು ಬಂದ ಅರ್ಥಕ್ಕೂ ಸಭಾಪಿತೃಗಳ ಒಮ್ಮತಕ್ಕೂ ವಿರುದ್ಧವಾಗಿ ಯಾರೂ ಧರ್ಮಗ್ರಂಥವನ್ನು ವ್ಯಾಖ್ಯಾನಿಸಕೂಡದು ಎಂದಿತು. ಪೀಠವಿದ್ದದ್ದರಿಂದ ರೋಮಿನ ಸಭೆ ಒಡೆಯದೆ ಉಳಿಯಿತು ಎಂಬುದು ನಿಜ. ಆದರೆ ಪೀಠವಿದ್ದ ಮಾತ್ರಕ್ಕೆ ಅರ್ಥ ಒಂದಾಗಲಿಲ್ಲ. ದೇವರ ಕೃಪೆ ಮತ್ತು ಮನುಷ್ಯನ ಇಚ್ಛಾಸ್ವಾತಂತ್ರ್ಯ ಹೇಗೆ ಹೊಂದುತ್ತವೆ ಎಂಬ ಪ್ರಶ್ನೆಯ ಮೇಲೆ ಡೊಮಿನಿಕನ್ ಸನ್ಯಾಸಿಗಳೂ ಜೆಸ್ವಿಟರೂ ಜಗಳಕ್ಕೆ ಬಿದ್ದರು. 1588ರಲ್ಲಿ ಜೆಸ್ವಿಟ್ ಪಂಡಿತ ಮೊಲಿನನ ಗ್ರಂಥ ಅಚ್ಚಾದ ಮೇಲೆ ಅದು ತಾರಕಕ್ಕೇರಿತು. ರೋಮ್‌ನಲ್ಲಿ ವರ್ಷಾನುಗಟ್ಟಲೆ ವಿಚಾರಣೆ ನಡೆದರೂ 1607ರಲ್ಲಿ ಪೋಪ್ ಐದನೆಯ ಪೌಲ್ ಯಾವ ಪಕ್ಷಕ್ಕೂ ತೀರ್ಪು ಕೊಡದೆ ಮುಗಿಸಿದ. ಇಬ್ಬರೂ ತಮ್ಮ ತಮ್ಮ ಮತವನ್ನು ಬೋಧಿಸಬಹುದು, ಒಬ್ಬರನ್ನೊಬ್ಬರು ಪಾಷಂಡಿಗಳೆಂದು ಕರೆಯಕೂಡದು ಎಂದ. ಪೀಠವೇ ಅಂದು ಆರಿಸಿಕೊಂಡ ದಾರಿ ಸಹನೆಯದು.

ಪೀಠದ ತೀರ್ಪಿಗಿಂತ ಒರಟಾದ ದಾರಿಯನ್ನು ಪ್ರಷ್ಯದ ಅರಸ ಮೂರನೆಯ ಫ್ರೆಡರಿಕ್ ವಿಲಿಯಂ ಹಿಡಿದ. ಸುಧಾರಣೆಯ ಮುನ್ನೂರನೆಯ ವರ್ಷವಾದ 1817ರಲ್ಲಿ ಲೂಥರನ್ ಸಭೆಗಳನ್ನೂ ಸ್ವಿಸ್ ಸುಧಾರಣೆಯಿಂದ ಬೆಳೆದ ರಿಫಾರ್ಮ್ಡ್ ಸಭೆಗಳನ್ನೂ ಒಂದುಗೂಡಿಸಲು ಅವನು ಕರೆ ಕೊಟ್ಟಾಗ ಅನೇಕರು ಸಂತೋಷದಿಂದಲೇ ಒಪ್ಪಿದರು. ಅರಸನೇ ಸಿದ್ಧಪಡಿಸಿದ ಆರಾಧನಾ ಕ್ರಮವನ್ನು ಎಲ್ಲರ ಮೇಲೂ ಹೇರತೊಡಗಿದಾಗ ಕೆಟ್ಟಿತು. 1834ರ ಕ್ರಿಸ್ಮಸ್ ಹೊತ್ತಿಗೆ ಸೈಲೀಷಿಯದ ಹೋನಿಗರ್ನ್ ಎಂಬ ಹಳ್ಳಿಯಲ್ಲಿ, ಒಪ್ಪದ ಲೂಥರನರ ಚರ್ಚಿನ ಬಾಗಿಲನ್ನು ಸೈನಿಕರು ಬಲವಂತದಿಂದ ತೆರೆದರು. ಹೀಗೆ ನೊಂದವರಲ್ಲಿ ಹಲವರು 1838ರಿಂದಾಚೆಗೆ ಹಡಗು ಹತ್ತಿ ದಕ್ಷಿಣ ಆಸ್ಟ್ರೇಲಿಯಕ್ಕೂ ಅಮೆರಿಕಕ್ಕೂ ಹೋಗಿ ನೆಲೆಸಿದರು. ಎರಡು ಸಭೆಗಳನ್ನು ಒಂದು ಮಾಡಲು ಹೊರಟ ಆಜ್ಞೆ ಕೊನೆಗೆ ಮೂರನೆಯದೊಂದನ್ನು ಹುಟ್ಟಿಸಿತು.

ಅದೇ 1834ರಲ್ಲಿ ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ನಮ್ಮ ಪಶ್ಚಿಮ ಕರಾವಳಿಗೆ ಬಂದು ಮಂಗಳೂರಿನಲ್ಲಿ ನೆಲೆಯೂರಿದರು. ಮಂಗಳೂರು, ಧಾರವಾಡಗಳ ನಮಗೆ ಪರಿಚಿತವಾದ ಈ ಸಂಸ್ಥೆಯ ಒಂದು ಗುಣ ಇಲ್ಲಿ ಮುಖ್ಯ. 1815ರಲ್ಲಿ ಹುಟ್ಟಿದ ಅದರ ಬೇರು ರಿಫಾರ್ಮ್ಡ್ ಪಂಥದ ಬಾಸೆಲಿನಲ್ಲಿತ್ತು. ಅದಕ್ಕೆ ಹಣವನ್ನೂ ಮಕ್ಕಳನ್ನೂ ಧಾರಾಳವಾಗಿ ಕೊಟ್ಟವರಲ್ಲಿ ಜರ್ಮನಿಯ ವುರ್ಟೆಂಬರ್ಗಿನ ಲೂಥರನ್ ಭಕ್ತರು ಮುಂದಿದ್ದರು. ಮಾರ್ಬುರ್ಗಿನಲ್ಲಿ ಸಹೋದರಭಾವಕ್ಕೆ ಬರದೆ ಎದ್ದುಹೋದವರ ವಾರಸುದಾರರು ಬಾಸೆಲಿನ ಒಂದೇ ಸೆಮಿನರಿಯಲ್ಲಿ ಓದಿ, ಕರಾವಳಿಯ ಒಂದೇ ಮಿಷನ್ ಮನೆಯಲ್ಲಿ ಇದ್ದು, ಒಂದೇ ಭೋಜನದ ಮೇಜಿಗೆ ಬಂದರು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಆರಂಭಿಸಿದ್ದ ಕನ್ನಡ ಬೈಬಲಿನ ಕೆಲಸವನ್ನು ಮುಂದೆ ಪರಿಷ್ಕರಿಸಿದವರಲ್ಲಿ ಬಾಸೆಲಿನವರೂ ಇದ್ದರು. ಬೇರೆ ಬೇರೆ ಪಂಥದವರು ಒಂದೇ ಸತ್ಯವೇದವನ್ನು ಕನ್ನಡದಲ್ಲಿ ಓದುವಂತಾಯಿತು.

ಈ ಬಗೆಯ ಸಹಜೀವನಕ್ಕೆ ದಕ್ಷಿಣ ಭಾರತದಲ್ಲಿ ದೊಡ್ಡ ರೂಪ ಕೊಟ್ಟವರು ಇಲ್ಲಿಯ ಕ್ರೈಸ್ತರೇ. 1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ ಬಿಷಪ್ ವಿ.ಎಸ್. ಅಜರಯ್ಯ ಮೊದಲಾದವರು ಸೇರಿ, ಈ ಒಡಕುಗಳು ತಾವು ಮಾಡಿಕೊಂಡವಲ್ಲ, ಹೊರಗಿನಿಂದ ತಮ್ಮ ಮೇಲೆ ಬಂದು ಬಿದ್ದವು ಎಂದು ಸಾರಿದರು. ಅಲ್ಲಿಂದ ಇಪ್ಪತ್ತೆಂಟು ವರ್ಷ ಮಾತುಕತೆ ನಡೆದು, 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನರು, ಮೆಥೊಡಿಸ್ಟರು, ಪ್ರೆಸ್ಬಿಟೇರಿಯನರು, ಕಾಂಗ್ರಿಗೇಷನಲಿಸ್ಟರು ಕೂಡಿ ದಕ್ಷಿಣ ಭಾರತ ಸಭೆ, ನಮ್ಮ ಬಾಯಲ್ಲಿ ಸಿ.ಎಸ್.ಐ., ರೂಪುಗೊಂಡಿತು. ಕನ್ನಡನಾಡಿನ ಬಾಸೆಲ್ ಮಿಷನ್ ಸಭೆಗಳೂ ಮುಂದೆ ಅದರಲ್ಲಿ ಸೇರಿದವು. ಅತಿ ಕಠಿಣ ಗಂಟು ಬಿಷಪ್ ಪದವಿಯದು; ಅದು ಸಭೆಯ ಅಸ್ತಿತ್ವಕ್ಕೇ ಅಗತ್ಯವೆಂದು ಕೆಲವರು, ಹೊಸ ಒಡಂಬಡಿಕೆಯಲ್ಲಿ ಅದಕ್ಕೆ ಅಂಥ ಆಧಾರವಿಲ್ಲವೆಂದು ಕೆಲವರು. ಬಿಷಪರನ್ನು ಎಲ್ಲರೂ ಒಪ್ಪೋಣ, ಆ ಪದವಿಯ ಬಗ್ಗೆ ಇಂಥದೇ ವ್ಯಾಖ್ಯಾನವನ್ನು ನಂಬಬೇಕೆಂದು ಯಾರನ್ನೂ ಕಟ್ಟಿಹಾಕುವುದು ಬೇಡ ಎಂದು ಸಂವಿಧಾನದಲ್ಲೇ ಬರೆದರು. ಅರ್ಥಭೇದ ಉಳಿದೂ ಸಭೆ ಒಂದಾಗಿ ಇರಬಲ್ಲದು ಎಂದು ತೋರಿಸಿದ ಪ್ರಯೋಗ ಅದು.

ಒಟ್ಟಿಗೆ ಬಾಳುವುದು ಬೇರೆ, ಒಟ್ಟಿಗೆ ಅರ್ಥಮಾಡಿಕೊಳ್ಳುವುದು ಬೇರೆ ಎಂದು ಯಾರಾದರೂ ಹೇಳಬಹುದು. ಅದಕ್ಕೆ ಫ್ರಾನ್ಸಿನ ಉದಾಹರಣೆ ಇದೆ. 1960ರ ದಶಕದಲ್ಲಿ ಅಲ್ಲಿಯ ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟಂಟ್ ವಿದ್ವಾಂಸರು, ಆರ್ಥೊಡಾಕ್ಸರನ್ನೂ ಜೊತೆಗೆ ಕರೆದುಕೊಂಡು, ಟಿಪ್ಪಣಿಸಹಿತವಾದ ಒಂದೇ ಬೈಬಲನ್ನು ಅನುವಾದಿಸಲು ಕೂತರು. ಸುಲಭದ ಪುಸ್ತಕದಿಂದ ಅವರು ಶುರುಮಾಡಲಿಲ್ಲ. ಪೌಲನು ರೋಮಾಪುರದವರಿಗೆ ಬರೆದ ಪತ್ರವನ್ನೇ ಮೊದಲು ಎತ್ತಿಕೊಂಡರು. ನಂಬಿಕೆ, ಕ್ರಿಯೆ, ನೀತಿಗಳ ಬಗ್ಗೆ ಹದಿನಾರನೆಯ ಶತಮಾನದ ಜಗಳ ಹೊತ್ತಿದ್ದು ಆ ಪತ್ರದಿಂದಲೇ. ಅದರಲ್ಲಿ ಒಪ್ಪಿಗೆ ಸಾಧ್ಯವಾದರೆ ಉಳಿದದ್ದೂ ಆದೀತು ಎಂಬುದು ಅವರ ಲೆಕ್ಕ. ರೋಮಾಪುರದ ಪತ್ರ 1967ರಲ್ಲಿ ಹೊರಬಂತು, 1975ರ ಹೊತ್ತಿಗೆ ಇಡೀ ಬೈಬಲು ಮುಗಿಯಿತು. ಒಪ್ಪಿಗೆಯಾಗದ ಕಡೆ ಎರಡೂ ಅಭಿಪ್ರಾಯಗಳನ್ನು ಟಿಪ್ಪಣಿಯಲ್ಲಿ ಕೊಡಬಹುದೆಂದು ಮಾಡಿಕೊಂಡಿದ್ದ ಏರ್ಪಾಡನ್ನು ಬಳಸಬೇಕಾಗಿ ಬಂದದ್ದು ತೀರ ಕಡಿಮೆ. ಮೂಲವನ್ನು ವಾಕ್ಯವಾಕ್ಯವಾಗಿ ಹಿಡಿದು ಕೂತಾಗ, ಪೌಲ ಬರೆದದ್ದು ಯಾವುದು, ನಂತರದವರು ಕಟ್ಟಿಕೊಂಡ ವಾದ ಯಾವುದು ಎಂಬ ವಿವೇಚನೆ ತಾನಾಗಿ ಮೂಡುತ್ತದೆ.

ಮಾರ್ಬುರ್ಗಿನಲ್ಲಿ ಬಾಕಿ ಉಳಿದ ಅಂಶಕ್ಕೆ ಉತ್ತರ ಸಿಕ್ಕಿದ್ದು 1973ರ ಮಾರ್ಚ್ 16ರಂದು, ಬಾಸೆಲಿನಿಂದ ಅನತಿದೂರದ ಲಾಯೆನ್‌ಬೆರ್ಗ್‌ನಲ್ಲಿ. ನಡುವೆ ಕಳೆದದ್ದು 444 ವರ್ಷ. ಯುರೋಪಿನ ಲೂಥರನ್, ರಿಫಾರ್ಮ್ಡ್ ಮತ್ತು ಸಂಯುಕ್ತ ಸಭೆಗಳು ಅಲ್ಲಿ ಒಪ್ಪಿಕೊಂಡ ಪತ್ರದ ತಿರುಳು ಹೀಗಿದೆ: ಭೋಜನದಲ್ಲಿ ಕ್ರಿಸ್ತನು ರೊಟ್ಟಿ ಮತ್ತು ದ್ರಾಕ್ಷಾರಸದೊಡನೆ ತನ್ನನ್ನೇ ಕೊಡುತ್ತಾನೆ, ಅವನ ಇರುವಿಕೆಯ ಬಗೆಯನ್ನು ಈ ತಿನ್ನುವ ಕುಡಿಯುವ ಕ್ರಿಯೆಯಿಂದ ಬೇರ್ಪಡಿಸಿ ಕೆದಕುತ್ತ ಹೋದರೆ ಭೋಜನದ ಅರ್ಥವೇ ಮಸುಕಾಗುತ್ತದೆ. ಇದರಲ್ಲಿ ಲೂಥರನ ಕಾಳಜಿ ಉಳಿದಿದೆ, ಏಕೆಂದರೆ ಕೊಡುವವನು ನಿಜವಾಗಿ ಕ್ರಿಸ್ತನೇ. ಜ್ವಿಂಗ್ಲಿಯ ಕಾಳಜಿಯೂ ಉಳಿದಿದೆ, ಏಕೆಂದರೆ ರೊಟ್ಟಿ ಒಂದು ಮಾಂತ್ರಿಕ ವಸ್ತುವಾಗುವುದಿಲ್ಲ. ಹಿರಿಯರ ಹಳೆಯ ಖಂಡನೆಗಳು ಎದುರಿನ ಸಭೆಯ ಇಂದಿನ ಬೋಧನೆಗೆ ತಗಲುವುದಿಲ್ಲ ಎಂದೂ ಅಲ್ಲಿ ಒಪ್ಪಲಾಯಿತು. ಇದೇ ಕ್ರಮದಲ್ಲಿ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಲೂಥರನ್ ವಿಶ್ವ ಒಕ್ಕೂಟವೂ ಕ್ಯಾಥೊಲಿಕ್ ಸಭೆಯೂ ಮನುಷ್ಯನು ದೇವರೆದುರು ನೀತಿವಂತನಾಗುವ ಬಗೆಯ ಕುರಿತು ಜಂಟಿ ಘೋಷಣೆಗೆ ಸಹಿ ಹಾಕಿದವು. ಒಂದೊಂದು ವಿಷಯದಲ್ಲೂ ಮೊದಲು ಇಬ್ಬರೂ ಕೂಡಿ ಹೇಳಬಲ್ಲ ಮಾತು, ಆಮೇಲೆ ಕ್ಯಾಥೊಲಿಕರು ಒತ್ತು ಕೊಡುವ ಅಂಶ, ಲೂಥರನರು ಒತ್ತು ಕೊಡುವ ಅಂಶ ಎಂಬುದು ಅದರ ರಚನೆ. 2006ರಲ್ಲಿ ಮೆಥೊಡಿಸ್ಟರೂ 2017ರಲ್ಲಿ ರಿಫಾರ್ಮ್ಡ್ ಸಭೆಗಳ ವಿಶ್ವ ಒಕ್ಕೂಟವೂ ಅದನ್ನು ಸೇರಿದವು.

ಇದೆಲ್ಲ ಮಾತಿನ ಜಾಣತನ, ಬಿರುಕಿಗೆ ಬಳಿದ ಸುಣ್ಣ ಎಂಬ ಟೀಕೆ ಇದೆ. ಆಗ್ಸ್‌ಬರ್ಗಿನ ಘೋಷಣೆಗೆ ಜರ್ಮನಿಯ ನೂರಕ್ಕೂ ಹೆಚ್ಚು ಪ್ರೊಟೆಸ್ಟಂಟ್ ದೇವಶಾಸ್ತ್ರ ಪ್ರಾಧ್ಯಾಪಕರು ಬಹಿರಂಗವಾಗಿ ವಿರೋಧ ಸೂಚಿಸಿದ್ದರು. ಅವರ ಆತಂಕವನ್ನು ತಳ್ಳಿಹಾಕಲಾಗದು. ಆದರೆ ಸುಣ್ಣ ಬಳಿಯುವವನು ಬಿರುಕನ್ನು ಮರೆಮಾಚುತ್ತಾನೆ; ಈ ದಾಖಲೆಗಳು ಉಳಿದಿರುವ ಭೇದಗಳನ್ನು ಹೆಸರಿಟ್ಟು ಹೇಳುತ್ತವೆ. ಇಂದಿನವರಿಗೆ ಗ್ರಂಥದ ಮೇಲೆ ಶ್ರದ್ಧೆ ಕಡಿಮೆಯಾದ್ದರಿಂದ ಜಗಳವೂ ಕಡಿಮೆಯಾಗಿದೆ ಎಂಬುದು ಇನ್ನೊಂದು ಟೀಕೆ. ಶ್ರದ್ಧೆ ಇಲ್ಲದವರು ಒಂದು ಪತ್ರದ ಟಿಪ್ಪಣಿಗಾಗಿ ವರ್ಷಗಟ್ಟಲೆ ಗ್ರೀಕ್ ಮೂಲವನ್ನು ಹಿಡಿದು ಕೂರುವುದಿಲ್ಲ, ಇಪ್ಪತ್ತೆಂಟು ವರ್ಷ ಒಂದೇ ಗಂಟನ್ನು ಬಿಡಿಸುತ್ತ ಇರುವುದೂ ಇಲ್ಲ.

ಬಾಕಿ ಉಳಿದದ್ದು ಬಹಳವಿದೆ. ಕ್ಯಾಥೊಲಿಕರೂ ಲೂಥರನರೂ ಇಂದಿಗೂ ಅಧಿಕೃತವಾಗಿ ಒಂದೇ ಭೋಜನದಲ್ಲಿ ಪಾಲ್ಗೊಳ್ಳುವುದಿಲ್ಲ. ದಕ್ಷಿಣ ಭಾರತದ ಲೂಥರನ್ ಸಭೆಗಳು ಸಿ.ಎಸ್.ಐ.ಯಿಂದ ಹೊರಗೇ ಉಳಿದವು. ಶಿಶುಗಳಿಗೆ ದೀಕ್ಷಾಸ್ನಾನ ಕೊಡಬಹುದೇ, ಹೆಂಗಸರು ಬೋಧಕರಾಗಬಹುದೇ ಎಂಬಂಥ ಪ್ರಶ್ನೆಗಳಲ್ಲಿ ಒಂದೇ ಬೈಬಲನ್ನು ಹಿಡಿದವರು ಇನ್ನೂ ಬೇರೆ ಬೇರೆ ದಿಕ್ಕಿಗೆ ನಡೆಯುತ್ತಿದ್ದಾರೆ. ಇವುಗಳಲ್ಲಿ ಕೆಲವು ಎಂದಿಗೂ ತೀರದೆ ಹೋಗಬಹುದು. ಆದರೂ, ತೀರಿರುವ ಪ್ರಶ್ನೆಗಳು ತೀರಿದ ಬಗೆ ನಮ್ಮ ಮುಂದಿದೆ: ಕತ್ತಿ ಪಕ್ಕಕ್ಕೆ ಸರಿದ ಮೇಲೆ, ಮೂಲವನ್ನು ಒಟ್ಟಿಗೆ ಓದಿದ ಮೇಲೆ, ತನ್ನ ವಾದವನ್ನು ಎದುರಿನವನು ಸರಿಯಾಗಿ ಹೇಳಿದ್ದನ್ನು ಕೇಳಿಸಿಕೊಂಡ ಮೇಲೆ. ಆದ್ದರಿಂದ ಒಮ್ಮತ ಅಸಾಧ್ಯವೆಂದು ಕೈಚೆಲ್ಲುವವರೂ, ನಾಳೆಯೇ ಆಗಬೇಕೆಂದು ಪಟ್ಟು ಹಿಡಿಯುವವರೂ ಈ ಚರಿತ್ರೆಗೆ ನ್ಯಾಯ ಸಲ್ಲಿಸುವುದಿಲ್ಲ. ಹದಿನೈದರಲ್ಲಿ ಹದಿನಾಲ್ಕನ್ನು ಒಪ್ಪಿದವರು ಉಳಿದ ಒಂದಕ್ಕಾಗಿ ಸಹೋದರಭಾವವನ್ನೇ ನಿರಾಕರಿಸಿದರು; ಆ ಒಂದಕ್ಕಾಗಿ ಇನ್ನು ಬೇರೆಯಾಗಿರಬೇಕಿಲ್ಲ ಎಂದು ಅವರ ವಾರಸುದಾರರೇ ತೀರ್ಮಾನಿಸಿದ್ದಾರೆ. ಇಂದು ಬಾಕಿ ಇರುವ ಕಲಮುಗಳ ಮುಂದೆ ಕೂತವರು ಆ ತೀರ್ಮಾನಕ್ಕೆ ಮತ್ತೆ ನಾಲ್ಕು ಶತಮಾನ ಕಾಯಬೇಕಾಗಿಲ್ಲ.