ಲಕ್ವ ಹೊಡೆದಾಗ ಒಬ್ಬರಿಗೆ ಮಾತು ಹೋಗುತ್ತದೆ, ಇನ್ನೊಬ್ಬರಿಗೆ ಕಾಲು ಮಾತ್ರ ಬೀಳುತ್ತದೆ. ಯಾಕೆ?

ಲಕ್ವ ಹೊಡೆದವರ ಹತ್ತೂ ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ತೆಗೆದರೆ ಸರಿಹೋಗುತ್ತಾರೆ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹಲವು ವರ್ಷಗಳಿಂದ ಸುತ್ತುತ್ತಿದೆ. ಇದು ಸುಳ್ಳು. ಬೆರಳಿನಿಂದ ನಾಲ್ಕು ಹನಿ ರಕ್ತ ಹೋದರೆ ಮಿದುಳಿನ ನಾಳದಲ್ಲಿರುವ ಹೆಪ್ಪು ಕರಗುವುದಿಲ್ಲ.

ಯಾವ ಉಪಕಾಲುವೆ ಮುಚ್ಚಿದರೆ ಯಾವ ಊರಿನ ಗದ್ದೆ ಒಣಗುತ್ತದೆ ಎಂದು ಸಿಂಧನೂರು, ಮಸ್ಕಿಯ ರೈತರಿಗೆ ಹೇಳಿಕೊಡಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯಂತೆಯೇ ಮಿದುಳಿನ ಪ್ರತಿ ರಕ್ತನಾಳಕ್ಕೂ ಅದರದ್ದೇ ಅಚ್ಚುಕಟ್ಟು ಇದೆ. ಹೆಚ್ಚಾಗಿ ಮುಚ್ಚುವುದು ಮಧ್ಯದ ದೊಡ್ಡ ನಾಳ. ಮಿದುಳಿನ ಎಡಭಾಗ ದೇಹದ ಬಲಭಾಗವನ್ನು ನಡೆಸುತ್ತದೆ. ಬಹುತೇಕರಲ್ಲಿ ಮಾತಿನ ಕೇಂದ್ರವೂ ಎಡಕ್ಕೇ ಇದೆ. ಹಾಗಾಗಿ ಎಡನಾಳ ಮುಚ್ಚಿದರೆ ಬಲಗೈ ಬಿದ್ದು, ಬಾಯಿ ಸೊಟ್ಟಗಾಗಿ, ಮಾತೂ ನಿಲ್ಲಬಹುದು. ಬಲನಾಳ ಮುಚ್ಚಿದರೆ ಎಡಗೈ ಬೀಳುತ್ತದೆ. ಕೆಲವರು ತಮ್ಮ ಎಡಗಡೆ ಇರುವುದನ್ನೇ ಗಮನಿಸುವುದಿಲ್ಲ, "ನನಗೇನೂ ಆಗಿಲ್ಲ" ಎನ್ನುತ್ತಾರೆ. ಅವರ ಮಾತು ನಂಬಿ ಕೂರಬೇಡಿ. ಮುಂದಿನ ನಾಳ ಮುಚ್ಚಿದರೆ ಕೈಗಿಂತ ಕಾಲಿಗೆ ಪೆಟ್ಟು ಹೆಚ್ಚು. ಹಿಂದಿನದು ಮುಚ್ಚಿದರೆ ಒಂದು ಬದಿಯ ನೋಟ ಹೋಗುತ್ತದೆ.

ಹೆಚ್ಚು ಮೋಸ ಮಾಡುವುದು ಕುತ್ತಿಗೆಯ ಹಿಂಭಾಗದಿಂದ ಏರುವ ನಾಳಗಳು. ಇಲ್ಲಿ ಕೈಕಾಲು ಗಟ್ಟಿಯಾಗಿಯೇ ಇರಬಹುದು. ಇದ್ದಕ್ಕಿದ್ದಂತೆ ತಲೆ ತಿರುಗುವುದು, ವಾಂತಿ, ಎರಡೆರಡು ಕಾಣುವುದು, ನಡೆದರೆ ತೂರಾಡುವುದು. ಮನೆಯವರು ಪಿತ್ತ ಎಂದು ಲಿಂಬೆ ಪಾನಕ ಕುಡಿಸಿ ಮಲಗಿಸುತ್ತಾರೆ.

ಹಾಗಾದರೆ ನಾಟಿ ಔಷಧಿಯಿಂದ ಗುಣವಾದವರು? ಅವರು ಸುಳ್ಳು ಹೇಳುತ್ತಿಲ್ಲ. ಮುಖದ ನರ ಮಾತ್ರ ಸೋತು ಬಾಯಿ ಸೊಟ್ಟಗಾಗುವ ಬೇರೆ ಕಾಯಿಲೆಯಿದೆ. ಅದು ಬಹಳಷ್ಟು ಜನರಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಹೆಪ್ಪು ತಾನೇ ಸರಿದು ಕೆಲವೇ ನಿಮಿಷಗಳಲ್ಲಿ ಕೈ ಸರಿಹೋಗುವುದೂ ಉಂಟು. ಅದು ದೊಡ್ಡ ಲಕ್ವದ ಮುನ್ಸೂಚನೆ, ಆಗಲೂ ಅಂದೇ ಆಸ್ಪತ್ರೆಗೆ ಹೋಗಬೇಕು. ಎರಡರಲ್ಲೂ ಹೆಸರು ಮಾತ್ರ ಔಷಧಿಗೆ ಬರುತ್ತದೆ.

ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ದೊಡ್ಡ ನಾಳ ಮುಚ್ಚಿದ್ದರೆ ತೊಡೆಯ ನಾಳದ ಮೂಲಕ ತಂತಿ ಹಾಯಿಸಿ ಹೆಪ್ಪನ್ನು ಹೊರತೆಗೆಯಲೂಬಹುದು. ಆಯ್ದ ರೋಗಿಗಳಲ್ಲಿ ಇದು 24 ಗಂಟೆಯವರೆಗೂ ಸಾಧ್ಯ. ಆದರೆ ದೊಡ್ಡ ನಾಳ ಮುಚ್ಚಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ. ಲಿಂಗಸುಗೂರಿನಿಂದಲೋ ಸಿಂಧನೂರಿನಿಂದಲೋ ರಾಯಚೂರು 80-90 ಕಿ.ಮೀ. ದಾರಿಗೇ ಎಷ್ಟು ಹೊತ್ತು ಹೋಗುತ್ತದೆ ಎಂದು ಲೆಕ್ಕ ಹಾಕಿ. ಕೂಡಲೇ 108ಕ್ಕೆ ಕರೆ ಮಾಡಿ. ಸಿಟಿ ಸ್ಕ್ಯಾನ್ ಮತ್ತು ಈ ಇಂಜೆಕ್ಷನ್ ಎರಡೂ ಹತ್ತಿರದಲ್ಲಿ ಎಲ್ಲಿ ಸಿಗುತ್ತವೆ ಎಂದು ಕೇಳಿ.

ಸ್ಕ್ಯಾನ್‌ಗೆ ಮೊದಲು ಆಸ್ಪಿರಿನ್ ಕೊಡಬೇಡಿ. ನಾಳ ಮುಚ್ಚಿದೆಯೋ ಒಡೆದಿದೆಯೋ ಹೊರಗಿನಿಂದ ತಿಳಿಯುವುದಿಲ್ಲ, ಒಡೆದಿದ್ದರೆ ಆ ಮಾತ್ರೆ ರಕ್ತಸ್ರಾವ ಹೆಚ್ಚಿಸಬಹುದು. ನುಂಗುವ ಶಕ್ತಿಯೂ ಹೋಗಿರಬಹುದಾದ್ದರಿಂದ ನೀರೂ ಬೇಡ. ರೋಗಿ ಕೊನೆಯದಾಗಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು ಬರೆದಿಟ್ಟುಕೊಳ್ಳಿ. ಬೆಳಗ್ಗೆ ಎದ್ದಾಗ ಕೈ ಬಿದ್ದಿದ್ದರೆ, ಲೆಕ್ಕ ಶುರುವಾಗುವುದು ಎದ್ದ ಹೊತ್ತಿನಿಂದಲ್ಲ, ರಾತ್ರಿ ಮಲಗಿದ ಹೊತ್ತಿನಿಂದ.