ತಿರುವೊಟ್ಟಿಯೂರಿನ ಆರನೇ ಕ್ಲಾಸು

ಚೆನ್ನೈ ಅಂದ ತಕ್ಷಣ ನಮ್ಮೂರ ಕಡೆಯವರಿಗೆ ನೆನಪಾಗೋದು ಮರೀನಾ ಬೀಚು, ಮೈಲಾಪುರದ ಗೋಪುರ, ಟಿ. ನಗರದ ಸೀರೆ ಅಂಗಡಿ. ತಿರುವೊಟ್ಟಿಯೂರು ಅಷ್ಟಾಗಿ ಯಾರಿಗೂ ನೆನಪಾಗುವುದಿಲ್ಲ. ನಗರದ ಉತ್ತರದ ತುದಿಯಲ್ಲಿ, ರಾಯಪುರಂ, ತೊಂಡಿಯಾರ್‌ಪೇಟೆ ದಾಟಿದ ಮೇಲೆ, ಒಂದು ಕಡೆ ಸಮುದ್ರ ಇನ್ನೊಂದು ಕಡೆ ರೈಲು ಹಳಿ ಇಟ್ಟುಕೊಂಡು ಉದ್ದಕ್ಕೆ ಚಾಚಿಕೊಂಡಿರುವ ಜಾಗ ಇದು. ತ್ಯಾಗರಾಜಸ್ವಾಮಿ ದೇವಸ್ಥಾನಕ್ಕೆ ಬರುವ ಭಕ್ತರನ್ನು ಬಿಟ್ಟರೆ ಹೊರಗಿನವರು ಇಲ್ಲಿಗೆ ಬರೋದು ಹೊಟ್ಟೆಪಾಡಿಗೆ. ಹಾಗೆ ಬಂದ ಕನ್ನಡದ ಮನೆಗಳಲ್ಲಿ ಮಕ್ಕಳು ಬೆಳೆಯುತ್ತಿದ್ದಂತೆ ಒಂದು ಪ್ರಶ್ನೆ ಏಳುತ್ತೆ. ಎಂಜಿನಿಯರ್ ಆಗ್ತೀನಿ ಅನ್ನೋ ಹುಡುಗನನ್ನೋ ಹುಡುಗಿಯನ್ನೋ ಇಲ್ಲಿ ಯಾವ ಶಾಲೆಗೆ ಸೇರಿಸೋದು? ಊರಿನ ಬಂಧುಗಳು ಫೋನಿನಲ್ಲಿ ಥಟ್ಟನೆ ಉತ್ತರ ಕೊಟ್ಟುಬಿಡ್ತಾರೆ: "ಸಾಲಸೋಲ ಮಾಡಿಯಾದ್ರೂ ಒಳ್ಳೇ ಪ್ರೈವೇಟ್ ಸ್ಕೂಲಿಗೆ ಹಾಕಿ." ಆದರೆ ತಮಿಳುನಾಡಿನ ಮಟ್ಟಿಗೆ ಈ ಉತ್ತರ ಅಷ್ಟು ಸುಲಭದ್ದಲ್ಲ. ಅದರ ಹಿಂದೆ ಸುಮಾರು ಐವತ್ತು ವರ್ಷಗಳ ಚರಿತ್ರೆ ಇದೆ.

ಮೊದಲು ಊರಿನ ಕತೆ ಕೇಳಿ. 1946ರಲ್ಲಿ ಕೆ.ಎಂ. ಮಾಮ್ಮನ್ ಮಾಪ್ಪಿಳ್ಳೈ ಅನ್ನುವವರು ಇದೇ ತಿರುವೊಟ್ಟಿಯೂರಿನ ಒಂದು ಶೆಡ್ಡಿನಲ್ಲಿ ಮಕ್ಕಳ ಆಟದ ಬಲೂನು ತಯಾರಿಸಲು ಶುರು ಮಾಡಿದರು. ಆ ಬಲೂನು ಶೆಡ್ಡೇ ಮುಂದೆ ಎಂ.ಆರ್.ಎಫ್. ಟೈರ್ ಕಂಪನಿಯಾಯಿತು. ನಮ್ಮ ಹಳ್ಳಿಹಳ್ಳಿಗಳಲ್ಲೂ ಡುಬುಡುಬು ಅಂತ ಸದ್ದು ಮಾಡಿಕೊಂಡು ಓಡಾಡುವ ಬುಲೆಟ್ ಮೋಟಾರ್ ಸೈಕಲ್ಲಿನ ಭಾರತದ ತವರು ಕೂಡ ಇದೇ. ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್ ಜೊತೆ ಮದ್ರಾಸ್ ಮೋಟಾರ್ಸ್ ಸೇರಿಕೊಂಡು 1955ರಲ್ಲಿ ಎನ್‌ಫೀಲ್ಡ್ ಇಂಡಿಯಾ ಕಟ್ಟಿತು. ಅದರ ಕಾರ್ಖಾನೆ ಎದ್ದದ್ದು ಇಲ್ಲಿ. ಕಾರ್ಬೊರಂಡಮ್ ಯೂನಿವರ್ಸಲ್ ಬಂತು. ಬೆಂಕಿಪೊಟ್ಟಣದ ವಿಮ್ಕೋ ಕಂಪನಿಯ ಹೆಸರು ರೈಲ್ವೆ ಸ್ಟೇಷನ್ನಿಗೇ ಅಂಟಿಕೊಂಡು ವಿಮ್ಕೋ ನಗರ ಆಯಿತು. ಸ್ವಲ್ಪ ಮುಂದೆ ಎಣ್ಣೂರಿನಲ್ಲಿ ಅಶೋಕ್ ಲೇಲ್ಯಾಂಡ್.

ಹೀಗಿರುವಾಗ ಇಲ್ಲಿನ ಮಕ್ಕಳಿಗೆ ಯಂತ್ರದ ಹುಚ್ಚು ಹಿಡಿಯೋದರಲ್ಲಿ ಆಶ್ಚರ್ಯವೇನಿದೆ? ಆದರೆ ಬುಲೆಟ್ಟಿನ ಎಂಜಿನ್ ಜೋಡಿಸುವ ಕೈಗೂ ಅದರ ನಕ್ಷೆ ಬರೆಯುವ ಕೈಗೂ ನಡುವೆ ಒಂದು ಕಾಲೇಜಿನ ಅಂತರವಿತ್ತು. ಆ ಕಾಲೇಜು ಇದೇ ನಗರದ ಇನ್ನೊಂದು ತುದಿಯಲ್ಲಿತ್ತು.

ಅದು ಗಿಂಡಿಯ ಎಂಜಿನಿಯರಿಂಗ್ ಕಾಲೇಜು. 1794ರಲ್ಲಿ ಸೇಂಟ್ ಜಾರ್ಜ್ ಕೋಟೆಯಲ್ಲಿ ಸರ್ವೆ ಶಾಲೆಯಾಗಿ ಹುಟ್ಟಿ, 1859ರಲ್ಲಿ ಎಂಜಿನಿಯರಿಂಗ್ ಕಾಲೇಜಾಗಿ, 1920ರಲ್ಲಿ ಗಿಂಡಿಗೆ ಬಂದದ್ದು. ನಮಗೂ ಅದು ತೀರಾ ಪರಕೀಯವೇನಲ್ಲ. 1956ರ ತನಕ ಮಂಗಳೂರು, ಉಡುಪಿ ಎಲ್ಲ ಮದ್ರಾಸು ರಾಜ್ಯದಲ್ಲೇ ಇದ್ದವು. ಕೊಳ್ಳೇಗಾಲವೂ ಅಷ್ಟೇ. ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಕಾಲೇಜು ಆದದ್ದು 1960ರಲ್ಲಿ. ಹಳೇ ಮೈಸೂರಿನವರಿಗೂ 1917ರಲ್ಲಿ ಬೆಂಗಳೂರಿನ ಕಾಲೇಜು ತೆರೆಯುವವರೆಗೆ ಸ್ವಂತದ್ದು ಅಂತ ಇರಲಿಲ್ಲ. ಸ್ವತಃ ವಿಶ್ವೇಶ್ವರಯ್ಯನವರೇ ಎಂಜಿನಿಯರಿಂಗ್ ಓದಲು ಪುಣೆಗೆ ಹೋಗಬೇಕಾಯಿತು. ಎಂಜಿನಿಯರ್ ಆಗಲು ಊರು ಬಿಡುವುದು ಕನ್ನಡಿಗರಿಗೆ ಹಳೇ ಅಭ್ಯಾಸ ಅನ್ನಿ.

ಈಗ ಶಾಲೆಯ ವಿಷಯಕ್ಕೆ ಬರೋಣ. ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಮುಗಿದ ಕೂಡಲೆ ಮಕ್ಕಳು ಪಿಯು ಕಾಲೇಜಿಗೆ ಹೋಗ್ತಾರೆ. ಹೈಸ್ಕೂಲು ಎಲ್ಲೇ ಆಗಿರಲಿ, ಪಿಯುಸಿಗೆ ಮತ್ತೊಮ್ಮೆ ಆಯ್ಕೆ ಸಿಗುತ್ತೆ. ತಮಿಳುನಾಡಿನಲ್ಲೂ ಮೊದಲು ಪಿಯುಸಿ ಕಾಲೇಜಿನಲ್ಲೇ ಇತ್ತು. 1978ರಲ್ಲಿ ಅವರು ಹನ್ನೊಂದು, ಹನ್ನೆರಡನೇ ತರಗತಿಗಳನ್ನು ಶಾಲೆಗೇ ಸೇರಿಸಿದರು. ಅದೇ ಪ್ಲಸ್ ಟೂ. ಹೈಸ್ಕೂಲುಗಳು ಹೈಯರ್ ಸೆಕೆಂಡರಿ ಶಾಲೆಗಳಾದವು. ಆರನೇ ಕ್ಲಾಸಿಗೆ ಒಳಗೆ ಹೋದ ಮಗು ಹನ್ನೆರಡು ಮುಗಿಸಿ ಹೊರಗೆ ಬರೋದು ಅಲ್ಲಿ ಸಾಮಾನ್ಯ.

ಎರಡನೇ ತಿರುವು 1984. ಆ ವರ್ಷ ಎಂಜಿನಿಯರಿಂಗ್, ಮೆಡಿಕಲ್ ಎರಡಕ್ಕೂ ಪ್ರವೇಶ ಪರೀಕ್ಷೆ ಶುರುವಾಯಿತು. ನಮ್ಮ ಸಿಇಟಿ ಬಂದದ್ದು ಹತ್ತು ವರ್ಷ ತಡವಾಗಿ, 1994ರಲ್ಲಿ. ಪ್ಲಸ್ ಟೂ ಅಂಕಗಳಿಗೆ 200, ಪ್ರವೇಶ ಪರೀಕ್ಷೆಗೆ 100, ಒಟ್ಟು 300ಕ್ಕೆ ಲೆಕ್ಕ. ನೋಡೋಕೆ ನ್ಯಾಯವಾಗೇ ಇತ್ತು. ಆದರೆ ಆ ನೂರು ಅಂಕದ ಸುತ್ತ ಕೋಚಿಂಗ್ ಕ್ಲಾಸುಗಳು ಹುಟ್ಟಿಕೊಂಡವು. ಹಳ್ಳಿಯ ಮಕ್ಕಳು, ಕೂಲಿಯವರ ಮಕ್ಕಳು ಅಲ್ಲಿಗೆ ಹೋಗಲಾರರು ಅನ್ನೋ ದೂರು ಎದ್ದಿತು. 2005, 2006ರಲ್ಲಿ ಜಯಲಲಿತಾ ಸರಕಾರ ಪ್ರವೇಶ ಪರೀಕ್ಷೆ ರದ್ದು ಮಾಡಲು ನೋಡಿತು. ಹೈಕೋರ್ಟಿನಲ್ಲಿ ಅದು ನಿಲ್ಲಲಿಲ್ಲ. ಆಮೇಲೆ ಬಂದ ಕರುಣಾನಿಧಿ ಸರಕಾರ ಶಿಕ್ಷಣ ತಜ್ಞ ಎಂ. ಆನಂದಕೃಷ್ಣನ್ ಅವರ ಸಮಿತಿಯಿಂದ ವರದಿ ಪಡೆದು 2006ರ ಕೊನೆಗೆ ಹೊಸ ಕಾನೂನು ತಂದಿತು. 2007ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತವೂ ಸಿಕ್ಕಿತು, ಹೈಕೋರ್ಟೂ ಎತ್ತಿಹಿಡಿಯಿತು.

ಅಂದಿನಿಂದ ತಮಿಳುನಾಡಿನ ಎಂಜಿನಿಯರಿಂಗ್ ಸೀಟಿಗೆ ಪ್ಲಸ್ ಟೂ ಅಂಕವೇ ಆಧಾರ. ಗಣಿತಕ್ಕೆ 100, ಭೌತಶಾಸ್ತ್ರಕ್ಕೆ 50, ರಸಾಯನಶಾಸ್ತ್ರಕ್ಕೆ 50, ಹೀಗೆ 200ಕ್ಕೆ ಕಟ್ ಆಫ್. ನಮ್ಮಲ್ಲಿ ಸಾಮಾನ್ಯವಾಗಿ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಐಐಟಿ ಕನಸಿಗೆ ಬೇರೆ ಪರೀಕ್ಷೆ ಇದೆ, ಅದು ಬೇರೆ ಮಾತು. ಗಿಂಡಿಗೆ ಹೋಗಲು ಬೇಕಾದ ಗಣಿತವನ್ನು ಶಾಲೆಯ ಮೇಷ್ಟ್ರೇ ಹೇಳಿಕೊಡಬೇಕು, ಶಾಲೆಯ ಪರೀಕ್ಷೆಯಲ್ಲೇ ಗೆಲ್ಲಬೇಕು. ಶಾಲೆಯ ಆಯ್ಕೆಗೆ ಇಷ್ಟು ತೂಕ ಬಂದದ್ದು ಹೀಗೆ.

"ಹಾಗಾದ್ರೆ ಪ್ರೈವೇಟೇ ಮೇಲಲ್ವಾ?" ಅಂತೀರಾ? 2007ರ ನಂತರದ ಹತ್ತಾರು ವರ್ಷ ಜನ ಅಂದುಕೊಂಡದ್ದೂ ಅದನ್ನೇ. ಕೋಚಿಂಗಿನ ಜಾಗಕ್ಕೆ ಅಂಕ ಗಳಿಸಿಕೊಡುವ ಶಾಲೆಗಳು ಬಂದವು. ಗಿಂಡಿಯಂಥ ಒಳ್ಳೊಳ್ಳೆ ಕಾಲೇಜುಗಳಲ್ಲಿ ಸರಕಾರಿ ಶಾಲೆಯ ಮಕ್ಕಳು ಬೆರಳೆಣಿಕೆಗೆ ಇಳಿದರು. ಇದಕ್ಕೇನು ಮಾಡಬೇಕು ಅಂತ ನೋಡಲು 2021ರಲ್ಲಿ ನಿವೃತ್ತ ನ್ಯಾಯಮೂರ್ತಿ ಡಿ. ಮುರುಗೇಶನ್ ಅವರ ಆಯೋಗ ನೇಮಕವಾಯಿತು. ಅದೇ ಆಗಸ್ಟಿನಲ್ಲಿ ವಿಧಾನಸಭೆ ಕಾನೂನು ಮಾಡಿತು. ಎಂಜಿನಿಯರಿಂಗ್, ಕೃಷಿ, ಪಶುವೈದ್ಯ, ಕಾನೂನು ಮುಂತಾದ ಕೋರ್ಸುಗಳಲ್ಲಿ ಶೇಕಡ 7.5ರಷ್ಟು ಸೀಟು ಸರಕಾರಿ ಶಾಲೆಯಲ್ಲಿ ಓದಿದವರಿಗೆ. ಮೆಡಿಕಲ್ಲಿಗೆ ಇಂಥದ್ದು 2020ರಲ್ಲೇ ಬಂದಿತ್ತು. 200 ಸೀಟಿದ್ದರೆ 15 ಇವರದು ಅಂತಾಯಿತು. ಆ ಮಕ್ಕಳ ಫೀಸು, ಹಾಸ್ಟೆಲ್ ಖರ್ಚು ಕೂಡ ಸರಕಾರದ್ದೇ ಅಂತ ಮುಖ್ಯಮಂತ್ರಿ ಸ್ಟಾಲಿನ್ 2021ರ ಸೆಪ್ಟೆಂಬರಿನಲ್ಲಿ ಘೋಷಿಸಿದರು.

ಇಲ್ಲಿಗೆ ನಮ್ಮ ಪ್ರಶ್ನೆ ತಲೆಕೆಳಗಾಯಿತು ನೋಡಿ. ಫೀಸು ಕಟ್ಟಲಾರದವರು ಹೋಗುವ ಕೊನೆಯ ಜಾಗ ಅಂತ ಅನ್ನಿಸಿಕೊಂಡಿದ್ದ ಸರಕಾರಿ ಶಾಲೆ ಈಗ ಎಂಜಿನಿಯರಿಂಗಿಗೆ ಒಂದು ಪ್ರತ್ಯೇಕ ಬಾಗಿಲಾಯಿತು. ಆದರೆ ಆ ಬಾಗಿಲಿಗೆ ಒಂದು ಷರತ್ತಿದೆ. ಆರರಿಂದ ಹನ್ನೆರಡರವರೆಗೆ ಏಳೂ ವರ್ಷ ಸರಕಾರಿ ಶಾಲೆಯಲ್ಲೇ ಓದಿರಬೇಕು. ಆರ್‌ಟಿಇ ಸೀಟಿನಲ್ಲಿ ಎಂಟರವರೆಗೆ ಖಾಸಗಿಯಲ್ಲಿದ್ದು ಒಂಬತ್ತಕ್ಕೆ ಸರಕಾರಿ ಶಾಲೆಗೆ ಬಂದವರಿಗೆ ಮಾತ್ರ ವಿನಾಯಿತಿ. ನಮ್ಮಲ್ಲಿ ಸಿಇಟಿಯ ಗ್ರಾಮೀಣ ಮೀಸಲಾತಿಗೆ, ಕನ್ನಡ ಮಾಧ್ಯಮದ ಮೀಸಲಾತಿಗೆ ಒಂದರಿಂದ ಹತ್ತರವರೆಗಿನ ಸರ್ಟಿಫಿಕೇಟು ತರಬೇಕಲ್ಲ, ಹಾಗೇ ಇದು.

ಇನ್ನೊಂದು ತೊಡಕು ಹೆಸರಿನದು. ತಿರುವೊಟ್ಟಿಯೂರಿನಲ್ಲಿ ಜೈಗೋಪಾಲ್ ಗರೋಡಿಯಾ ಹೆಸರಿನ ಬಾಲಕಿಯರ ಹೈಯರ್ ಸೆಕೆಂಡರಿ ಶಾಲೆ ಇದೆ. ದಾನಿಯ ಹೆಸರು ಹೊತ್ತಿದ್ದರೂ ಅದು ಸರಕಾರಿ ಶಾಲೆ. ವೆಳ್ಳೈಯನ್ ಚೆಟ್ಟಿಯಾರ್ ಹೈಯರ್ ಸೆಕೆಂಡರಿ ಶಾಲೆ ಮುರುಗಪ್ಪ ಸಮೂಹದ ದತ್ತಿಯವರದು, ಅದು ಅನುದಾನಿತ. ಅನುದಾನಿತ ಅಂದರೆ ಸಂಬಳ ಸರಕಾರದ್ದು, ಆಡಳಿತ ಖಾಸಗಿಯದು. ಪಾಠ ಎಷ್ಟೇ ಚೆನ್ನಾಗಿರಲಿ, ಅನುದಾನಿತ ಶಾಲೆಯ ಮಕ್ಕಳಿಗೆ ಈ 7.5 ಸಿಗುವುದಿಲ್ಲ. ಹೀಗಾಗಿ ಬೋರ್ಡಿನ ಮೇಲಿನ ಹೆಸರು ನೋಡಿ ತೀರ್ಮಾನ ಮಾಡುವ ಹಾಗಿಲ್ಲ. ಶಾಲೆ ಯಾವ ವರ್ಗದ್ದು ಅಂತ ಕಚೇರಿಯಲ್ಲೇ ಕೇಳಿ ತಿಳಿದುಕೊಳ್ಳಬೇಕು.

ಕನ್ನಡದ ಮನೆಯವರಿಗೆ ಇದರ ಬಿಸಿ ತಟ್ಟೋದು ಎಲ್ಲಿ? ಅಪ್ಪನಿಗೆ ಚೆನ್ನೈಯಲ್ಲಿ ಕೆಲಸ ಸಿಗುತ್ತೆ. ಮನೆಮಂದಿಯನ್ನು ಯಾವಾಗ ಕರೆಸಿಕೊಳ್ಳೋದು ಅನ್ನೋದು ಬಾಡಿಗೆ, ಅಡ್ವಾನ್ಸು, ಊರಿನ ಹೊಲದ ಕೆಲಸ, ಅಜ್ಜಿಯ ಆರೋಗ್ಯ ಇವುಗಳ ಮೇಲೆ ನಿರ್ಧಾರವಾಗುತ್ತೆ. ಮಗ ಆಗ ಯಾವ ಕ್ಲಾಸು ಅನ್ನೋದನ್ನ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. ಆದರೆ ಕಾನೂನು ತಗೊಳ್ಳುತ್ತೆ.

ಮಗು ಆರನೇ ಕ್ಲಾಸಿಗೆ ಬಂದು ಸರಕಾರಿ ಶಾಲೆ ಸೇರಿದರೆ 7.5ರ ದಾರಿ ತೆರೆದಿರುತ್ತೆ. ಏಳಕ್ಕೆ ಬಂದರೆ ಅದು ಮುಚ್ಚಿತು, ಆದರೂ ಸಾಮಾನ್ಯ ಕೌನ್ಸೆಲಿಂಗ್ ಉಂಟು. ಹೊರ ರಾಜ್ಯದವರು ಎಂಟರಿಂದ ಹನ್ನೆರಡರವರೆಗೆ ತಮಿಳುನಾಡಿನಲ್ಲಿ ಓದಿದ್ದರೆ ಅರ್ಜಿ ಹಾಕಬಹುದು. ಅವರನ್ನು ಎಣಿಸೋದು ಮಾತ್ರ ಓಪನ್ ಕೆಟಗರಿಯಲ್ಲೇ. ಊರಿಂದ ತಂದ ಜಾತಿ ಸರ್ಟಿಫಿಕೇಟು ಅಲ್ಲಿ ನಡೆಯಲ್ಲ. ಒಂಬತ್ತಕ್ಕೋ ಹತ್ತಕ್ಕೋ ಬಂದವರಿಗೆ ಈ ಎಂಟರ ಲೆಕ್ಕವೂ ತಪ್ಪಿಹೋಗುತ್ತೆ.

ಅಂಥವರು ಏನು ಮಾಡಬೇಕು? ಇಲ್ಲಿ ಊರಲ್ಲಿರುವ ನಿಮ್ಮ ಪಾತ್ರ ಬರುತ್ತೆ. ಕರ್ನಾಟಕದ ಸಿಇಟಿಗೆ ಒಂದರಿಂದ ದ್ವಿತೀಯ ಪಿಯುಸಿ ಒಳಗೆ ಒಟ್ಟು ಏಳು ವರ್ಷ ರಾಜ್ಯದಲ್ಲಿ ಓದಿ, ಎಸ್ಸೆಸ್ಸೆಲ್ಸಿ ಇಲ್ಲವೇ ದ್ವಿತೀಯ ಪಿಯುಸಿಯನ್ನು ಇಲ್ಲೇ ಪಾಸಾಗಿರಬೇಕು. ಆರು ವರ್ಷ ಊರಲ್ಲಿ ಓದಿ ಹೋದ ಮಗು ಪಿಯುಸಿಗೆ ವಾಪಸು ಬಂದರೆ ಎಂಟು ವರ್ಷ ಆಗುತ್ತೆ. ಚೆನ್ನೈಯಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೂ ದಾರಿ ಇದೆ. ಅಪ್ಪ ಅಮ್ಮನಲ್ಲಿ ಒಬ್ಬರು ಏಳು ವರ್ಷ ಕರ್ನಾಟಕದಲ್ಲಿ ಓದಿದ್ದು, ಮಗು ಎರಡೂ ವರ್ಷದ ಪಿಯುಸಿ ಇಲ್ಲಿ ಮುಗಿಸಿದರೆ ಸಾಕು. ಎರಡು ವರ್ಷ ಸೋದರಮಾವನ ಮನೆಯಲ್ಲೋ ಚಿಕ್ಕಪ್ಪನ ಮನೆಯಲ್ಲೋ ಒಂದು ಮೂಲೆ, ಒಂದು ತಟ್ಟೆ ಊಟ ಸಿಕ್ಕರೆ ಒಂದು ಮಗುವಿನ ಲೆಕ್ಕ ಕೂಡಿಬರುತ್ತೆ. ನಿಯಮಗಳು ಆಗಾಗ ತಿದ್ದುಪಡಿಯಾಗುವುದರಿಂದ ಆಯಾ ವರ್ಷದ ಕೈಪಿಡಿ ನೋಡಿಕೊಂಡೇ ಮುಂದುವರಿಯಬೇಕು.

ಮೀಸಲು ಬಾಗಿಲು ಇದ್ದ ಮಾತ್ರಕ್ಕೆ ಸರಕಾರಿ ಶಾಲೆಗಳೆಲ್ಲ ಒಂದೇ ಅಂತಲೂ ಅಲ್ಲ. ಹನ್ನೊಂದಕ್ಕೆ ಗಣಿತ, ಭೌತ, ರಸಾಯನ ಮೂರೂ ಇರುವ ಗ್ರೂಪು ಇದೆಯಾ? ಗಣಿತಕ್ಕೂ ಭೌತಶಾಸ್ತ್ರಕ್ಕೂ ಖಾಯಂ ಮೇಷ್ಟ್ರಿದ್ದಾರಾ? ಲ್ಯಾಬಿನ ಬೀಗ ವಾರಕ್ಕೆಷ್ಟು ಸಲ ತೆಗೆಯುತ್ತಾರೆ? ಈ ಮೂರು ಪ್ರಶ್ನೆಗೆ ಉತ್ತರ ಅಲ್ಲೇ ಓದುವ ಹನ್ನೆರಡನೇ ಕ್ಲಾಸಿನ ಮಕ್ಕಳೇ ಹೇಳ್ತಾರೆ. ಪಠ್ಯದ ಬಗ್ಗೆ ಭಯ ಬೇಡ. ಮೆಟ್ರಿಕ್ಯುಲೇಷನ್ ಶಾಲೆಯವರು ಬರೆಯುವುದೂ ಅದೇ ರಾಜ್ಯದ ಪ್ಲಸ್ ಟೂ ಪರೀಕ್ಷೆಯನ್ನೇ. 2012ರ ನಂತರ ಸರಕಾರಿ ಶಾಲೆಗಳಲ್ಲೂ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಬಂದಿವೆ. ಆದರೆ ತಮಿಳು ತಪ್ಪಿದ್ದಲ್ಲ. 2006ರ ಕಾನೂನಿನ ಪ್ರಕಾರ ಅದು ಕಡ್ಡಾಯ. ಹನ್ನೊಂದು ವರ್ಷದ ಮಗು ಅದನ್ನು ಬೀದಿಯ ಆಟದಲ್ಲೇ ಕಲಿತುಬಿಡುತ್ತೆ. ಹದಿನಾಲ್ಕಕ್ಕೆ ಬಂದ ಮಗುವಿಗೆ ಕಷ್ಟ. ಮತ್ತೆ ಅದೇ ಲೆಕ್ಕ, ಬೇಗ ಬಂದರೆ ಸಲೀಸು.

ಹತ್ತರ ನಂತರ ಇನ್ನೊಂದು ದಾರಿ ಪಾಲಿಟೆಕ್ನಿಕ್ಕು. ಆವಡಿಯಲ್ಲಿ 1957ರಿಂದ ಮುರುಗಪ್ಪ ಪಾಲಿಟೆಕ್ನಿಕ್ ಇದೆ, ತರಮಣಿಯಲ್ಲಿ ಅದಕ್ಕಿಂತ ಹಳೆಯ ಸೆಂಟ್ರಲ್ ಪಾಲಿಟೆಕ್ನಿಕ್ ಇದೆ. ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ನೇರ ಎರಡನೇ ವರ್ಷದ ಬಿ.ಇ.ಗೆ ಸೇರಬಹುದು. ಕೈಗೆ ಎಣ್ಣೆ ಮೆತ್ತಿಕೊಳ್ಳೋದರಲ್ಲೇ ಖುಷಿ ಕಾಣುವ ಮಕ್ಕಳಿಗೆ ಇದೇ ಸರಿಯಾದೀತು.

2011ರಲ್ಲಿ ತಿರುವೊಟ್ಟಿಯೂರು ಪುರಸಭೆ ಚೆನ್ನೈ ಕಾರ್ಪೊರೇಷನ್ನಿಗೆ ಸೇರಿತು. 2021ರ ಫೆಬ್ರವರಿಯಲ್ಲಿ ಮೆಟ್ರೊ ರೈಲು ವಿಮ್ಕೋ ನಗರದವರೆಗೆ ಬಂತು. ಗಿಂಡಿಗೆ ಹೋಗೋಕೆ ಈಗ ಮೊದಲಿನಷ್ಟು ಹೊತ್ತು ಬೇಡ. ಆದರೆ ಆ ಕಾಲೇಜಿನ ಗೇಟು ದಾಟೋಕೆ ಹದಿನೇಳನೇ ವಯಸ್ಸಿನಲ್ಲಿ ಹೊರಟರೆ ಆಗಲ್ಲ, ಹನ್ನೊಂದಕ್ಕೇ ಹೊರಡಬೇಕು. ಅದಕ್ಕೇ ಹೇಳೋದು, ನಿಮ್ಮ ಪೈಕಿ ಯಾರಾದರೂ ಗಂಟುಮೂಟೆ ಕಟ್ಟಿಕೊಂಡು ಚೆನ್ನೈಗೆ ಹೊರಟಿದ್ದರೆ ಸಂಬಳ ಎಷ್ಟು, ಬಾಡಿಗೆ ಎಷ್ಟು ಅಂತ ಕೇಳೋ ಮೊದಲು ಒಂದು ಮಾತು ಕೇಳಿ: ಮಗು ಈಗ ಎಷ್ಟನೇ ಕ್ಲಾಸು?